ಲೆಸ್ಟರ್‌ನ ಅಂಗಡಿ, ಬ್ರಾಡ್‌ಫರ್ಡ್‌ನ ರಾತ್ರಿ ಪಾಳಿ

ಒಂದು ಜಾಹೀರಾತಿನಿಂದ ಶುರು ಮಾಡುತ್ತೇನೆ. 1972ರ ಸೆಪ್ಟೆಂಬರ್‌ನಲ್ಲಿ ಉಗಾಂಡದ ‘ಉಗಾಂಡ ಆರ್ಗಸ್’ ಎಂಬ ಪತ್ರಿಕೆಯಲ್ಲಿ ಅದು ಬಂತು. ಕೊಟ್ಟವರು ಇಂಗ್ಲೆಂಡಿನ ಲೆಸ್ಟರ್ ಊರಿನ ನಗರಸಭೆ. ಮಾರುವುದಕ್ಕೆ ಅವರ ಹತ್ತಿರ ಏನೂ ಇರಲಿಲ್ಲ. ನಮ್ಮಲ್ಲಿ ಮನೆ ಸಿಗುವುದಿಲ್ಲ, ಶಾಲೆಗಳು ತುಂಬಿವೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ಲೆಸ್ಟರಿಗೆ ಬರಬೇಡಿ. ಇಷ್ಟೇ ಅದರ ಸಾರ. ಕೈಯಿಂದ ದುಡ್ಡು ಹಾಕಿ, ಇನ್ನೊಂದು ಖಂಡದ ಪತ್ರಿಕೆಯಲ್ಲಿ ‘ನಮ್ಮ ಮನೆಗೆ ಬರಬೇಡಿ’ ಅಂತ ಅಚ್ಚು ಹಾಕಿಸಿದ ಊರು ಅದು.

ಓದಿದವರು, ಅಂದರೆ ಉಗಾಂಡದಿಂದ ಆಗ ಹೊರದಬ್ಬಿಸಿಕೊಳ್ಳುತ್ತಿದ್ದ ಭಾರತ ಮೂಲದವರು, ಏನು ಮಾಡಿದರು? ಲೆಸ್ಟರ್ ಅಂತ ಒಂದು ಊರಿದೆ, ಅಲ್ಲಿ ಆಗಲೇ ನಮ್ಮವರು ಬೇಕಾದಷ್ಟು ಇದ್ದಾರೆ ಅಂತಾಯಿತಲ್ಲ ಅಂದುಕೊಂಡು ಅಲ್ಲಿಗೇ ಬಂದರು. ಜಾಹೀರಾತು ಓದಿಯೇ ನಮಗೆ ಊರಿನ ಹೆಸರು ಗೊತ್ತಾಗಿದ್ದು ಅಂತ ಲೆಸ್ಟರ್‌ನ ಹಳಬರು ಈಗಲೂ ನಗುತ್ತಾರೆ. 2021ರ ಜನಗಣತಿಯಲ್ಲಿ ಆ ಊರಿನಲ್ಲಿ ನೂರಕ್ಕೆ 43 ಮಂದಿ ಏಷ್ಯಾ ಮೂಲದವರು, ಬಿಳಿಯರು 41. ಭಾರತ ಮೂಲದವರೇ ನೂರಕ್ಕೆ 34. ಅವರಲ್ಲಿ ಗುಜರಾತಿಗಳೇ ಜಾಸ್ತಿ.

ಇನ್ನೊಂದು ಊರು ಬ್ರಾಡ್‌ಫರ್ಡ್. ಲೆಸ್ಟರಿನಿಂದ ಉತ್ತರಕ್ಕೆ, ಯಾರ್ಕ್‌ಶೈರ್‌ನಲ್ಲಿದೆ. ಒಂದು ಕಾಲದಲ್ಲಿ ಉಣ್ಣೆ ಬಟ್ಟೆಗೆ ಜಗತ್ತಿನ ರಾಜಧಾನಿ. ಅಲ್ಲಿ ನಾಲ್ಕರಲ್ಲೊಬ್ಬರು ಪಾಕಿಸ್ತಾನ ಮೂಲದವರು. ಪಾಕಿಸ್ತಾನ ಅಂತ ದೊಡ್ಡದಾಗಿ ಹೇಳಿದರೂ, ಹೆಚ್ಚಿನವರ ಬೇರು ಇರುವುದು ಮೀರ್‌ಪುರ ಅನ್ನುವ ಒಂದೇ ಒಂದು ಜಿಲ್ಲೆಯಲ್ಲಿ ಮತ್ತು ಅದರ ಅಕ್ಕಪಕ್ಕದಲ್ಲಿ. ಅದು ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ದಕ್ಷಿಣದ ಅಂಚು.

ಇವತ್ತು ಈ ಎರಡು ಸಮುದಾಯಗಳ ಬದುಕನ್ನು ಅಕ್ಕಪಕ್ಕ ಇಟ್ಟು ನೋಡೋಣ. ಇಬ್ಬರೂ ಅದೇ ದೇಶಕ್ಕೆ, ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಂದರು. ಇಬ್ಬರ ಮೈಬಣ್ಣವೂ ಒಂದೇ. ಬೀದಿಯಲ್ಲಿ ಬೈಸಿಕೊಂಡ ಬೈಗುಳವೂ ಒಂದೇ. ಬ್ರಿಟನ್ನಿನ ಪುಂಡರು ಗುಜರಾತಿ, ಪಂಜಾಬಿ, ಮೀರ್‌ಪುರಿ ಅಂತ ವಿಚಾರಿಸಿ ಬೈಯಲಿಲ್ಲ. ಎಲ್ಲರನ್ನೂ ‘ಪಾಕಿ’ ಅಂದರು.

ಮೊದಲು ಅಂಕಿಗಳನ್ನು ಮುಗಿಸಿಬಿಡುತ್ತೇನೆ. 2018ರಲ್ಲಿ ಬ್ರಿಟನ್ನಿನ ಅಂಕಿಅಂಶ ಕಚೇರಿ ಗಂಟೆಯ ಸಂಬಳ ಲೆಕ್ಕ ಹಾಕಿತು. ಸಾಲಾಗಿ ನಿಲ್ಲಿಸಿದರೆ ಮಧ್ಯದಲ್ಲಿ ನಿಂತವನಿಗೆ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕ ಅದು. ಬಿಳಿಯ ಬ್ರಿಟಿಷರಿಗೆ 12 ಪೌಂಡ್ 3 ಪೆನ್ಸ್. ಭಾರತ ಮೂಲದವರಿಗೆ 13 ಪೌಂಡ್ 47. ಪಾಕಿಸ್ತಾನ ಮೂಲದವರಿಗೆ ಸರಿಯಾಗಿ 10 ಪೌಂಡ್. ಬಾಂಗ್ಲಾದೇಶ ಮೂಲದವರಿಗೆ 9 ಪೌಂಡ್ 60. ಸ್ವಂತ ಮನೆ ಇರುವ ಕುಟುಂಬಗಳು ಭಾರತೀಯರಲ್ಲಿ ನೂರಕ್ಕೆ ಸುಮಾರು 74, ಪಾಕಿಸ್ತಾನಿಗಳಲ್ಲಿ 58. ಇಕ್ಕಟ್ಟಾದ ಮನೆಯಲ್ಲಿ, ಅಂದರೆ ಇರುವ ಜನಕ್ಕೆ ಸಾಲದಷ್ಟು ಕೋಣೆಗಳಲ್ಲಿ ಬದುಕುವವರು ಬಿಳಿಯರಲ್ಲಿ ನೂರಕ್ಕೆ 2, ಪಾಕಿಸ್ತಾನಿಗಳಲ್ಲಿ 18. ಆ ಹೊತ್ತಿಗೆ ದುಡಿಯುವ ವಯಸ್ಸಿನ ಹೆಂಗಸರಲ್ಲಿ ಭಾರತ ಮೂಲದವರು ಹತ್ತರಲ್ಲಿ ಏಳು ಮಂದಿ ಹೊರಗೆ ಕೆಲಸ ಮಾಡುತ್ತಿದ್ದರು. ಪಾಕಿಸ್ತಾನ, ಬಾಂಗ್ಲಾ ಮೂಲದವರಲ್ಲಿ ನಾಲ್ಕೇ ಮಂದಿ.

ಇಂಥ ಪಟ್ಟಿ ನಮ್ಮವರ ವಾಟ್ಸಾಪ್ ಗುಂಪಿಗೆ ಬಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ‘ನೋಡಿದ್ರಾ, ನಮ್ಮವರು!’ ಅಂತ ನಾಲ್ಕು ಹೆಬ್ಬೆರಳು. ಆಮೇಲೆ ಧರ್ಮ, ಸಂಸ್ಕಾರ, ಓದಿನ ಮೇಲೆ ಭಕ್ತಿ, ಹೀಗೆ ಕಾರಣಗಳ ಮೆರವಣಿಗೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ.

ನನ್ನ ತಲೆಯೊಳಗೆ ಈ ಲೆಕ್ಕ ಬುಡಮೇಲಾಗಿದ್ದು ಒಂದು ಟ್ಯಾಕ್ಸಿಯಲ್ಲಿ. ಬ್ರಾಡ್‌ಫರ್ಡ್ ನಿಲ್ದಾಣದಿಂದ ಮ್ಯಾನಿಂಗ್‌ಹ್ಯಾಮ್ ಅನ್ನುವ ಬಡಾವಣೆಗೆ ಹೋಗುತ್ತಿದ್ದೆ. ದಾರಿ ಏರುತ್ತಾ ಹೋಗುತ್ತದೆ. ಗುಡ್ಡದ ಮೇಲೆ ಲಿಸ್ಟರ್ ಗಿರಣಿ, ಅದರ ಮೇಲೆ 249 ಅಡಿ ಎತ್ತರದ ಚಿಮಣಿ. ಊರಿನ ಯಾವ ಮೂಲೆಯಿಂದ ನೋಡಿದರೂ ಕಾಣುತ್ತದೆ. ಡ್ರೈವರ್ ನಮ್ಮ ಕಡೆಯವನು ಅಂತ ಮುಖ ನೋಡಿದರೇ ಗೊತ್ತಾಯಿತು. ಅವನದು ಮೀರ್‌ಪುರ ಕಡೆಯ ಪಹಾಡಿ ಮಾತು ಬೆರೆತ ಉರ್ದು, ನನ್ನದು ಬೆಂಗಳೂರಿನ ಉರ್ದು. ಅವನಿಗೆ ನಗು. ಚಿಮಣಿ ತೋರಿಸಿ ಹೇಳಿದ: ‘ನಮ್ಮಪ್ಪ ಅದರ ಕೆಳಗೆ ರಾತ್ರಿ ಪಾಳಿ ಮಾಡಿದ, ಇಪ್ಪತ್ತು ವರ್ಷ. ಗಿರಣಿ ಮುಚ್ಚಿತು. ಈಗ ನಾನು ಟ್ಯಾಕ್ಸಿ ಓಡಿಸುತ್ತೇನೆ. ನಂದೂ ರಾತ್ರಿ ಪಾಳಿನೇ.’

ಆ ರಾತ್ರಿ ಪಾಳಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ನನ್ನ ಪ್ರಕಾರ ಬ್ರಾಡ್‌ಫರ್ಡಿನ ಅರ್ಧ ಕಥೆ ಅದರಲ್ಲೇ ಇದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಯಾರ್ಕ್‌ಶೈರಿನ ಗಿರಣಿ ಮಾಲೀಕರು ಹೊಸ ಯಂತ್ರ ಹಾಕಿಸಿದರು. ದುಬಾರಿ ಯಂತ್ರ. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಇಪ್ಪತ್ತನಾಲ್ಕು ಗಂಟೆಯೂ ಓಡಬೇಕು. ಆದರೆ ಗಿರಣಿಯ ಕೆಲಸಗಾರರಲ್ಲಿ ಹೆಂಗಸರು ಬಹಳ. ಅವರನ್ನು ರಾತ್ರಿ ದುಡಿಸುವುದಕ್ಕೆ ಕಾರ್ಖಾನೆ ಕಾನೂನು ಬಿಡುತ್ತಿರಲಿಲ್ಲ. ಊರಿನ ಗಂಡಸರಿಗೆ ಬೇರೆ ಕಡೆ ಒಳ್ಳೆಯ ಸಂಬಳದ ಹಗಲು ಕೆಲಸ ಸಿಗುತ್ತಿತ್ತು. ಆಗ ಬಂದವರು ಮೀರ್‌ಪುರದ ಗಂಡಸರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಒಬ್ಬೊಬ್ಬರೇ ಬಂದವರು. ಒಂದೊಂದು ಮನೆಯಲ್ಲಿ ಹತ್ತು ಹನ್ನೆರಡು ಜನ. ಒಬ್ಬ ಹಾಸಿಗೆಯಿಂದ ಎದ್ದರೆ, ಪಾಳಿ ಮುಗಿಸಿ ಬಂದವನು ಅದೇ ಬೆಚ್ಚಗಿನ ಹಾಸಿಗೆಯಲ್ಲಿ ಮಲಗುತ್ತಿದ್ದ.

ಇಡೀ ರಾತ್ರಿ ಪಾಳಿಯೇ ಪಾಕಿಸ್ತಾನಿಗಳದ್ದಾಯಿತು. ಮೇಸ್ತ್ರಿಯ ಜೊತೆ ಮಾತಾಡುವುದಕ್ಕೆ ಒಬ್ಬನಿಗೆ ಇಂಗ್ಲಿಷ್ ಬಂದರೆ ಸಾಕು. ಉಳಿದವರು ಇಪ್ಪತ್ತು ವರ್ಷ ಇಂಗ್ಲೆಂಡಿನಲ್ಲಿದ್ದೂ ಇಂಗ್ಲಿಷ್ ಕಲಿಯದೆ ದುಡಿದರು. ಹಗಲು ನಿದ್ದೆ, ರಾತ್ರಿ ಯಂತ್ರದ ಸದ್ದು. ಪಕ್ಕದ ಮನೆಯ ಬಿಳಿಯನ ಮುಖ ಯಾವಾಗ ನೋಡಬೇಕು ಹೇಳಿ. ‘ಇವರು ನಮ್ಮ ಜೊತೆ ಬೆರೆಯೋದಿಲ್ಲ’ ಅಂತ ಆಮೇಲೆ ಬ್ರಿಟನ್ ದೂರಿತು. ಬೆರೆಯುವ ಹೊತ್ತಿನಲ್ಲಿ ಅವರನ್ನು ಮಲಗಿಸಿದ್ದು ಯಾರು?

ಅವರು ಬಂದಿದ್ದಾದರೂ ಯಾಕೆ? ಒಂದು ಕಾರಣ ಹಳೆಯದು. ಬ್ರಿಟಿಷ್ ಹಡಗುಗಳ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಮೀರ್‌ಪುರದವರು ಮೊದಲಿಂದಲೂ ಹೋಗುತ್ತಿದ್ದರು. ಒಬ್ಬ ಹಡಗಿನಿಂದ ಇಳಿದು ಅಲ್ಲೇ ಉಳಿದ, ತಮ್ಮನನ್ನು ಕರೆಸಿಕೊಂಡ, ತಮ್ಮ ಭಾವನನ್ನು ಕರೆಸಿಕೊಂಡ. ಎರಡನೇ ಕಾರಣ ನೀರು. 1960ರಲ್ಲಿ ಭಾರತ, ಪಾಕಿಸ್ತಾನ ಸಿಂಧೂ ನದಿ ನೀರು ಹಂಚಿಕೆ ಒಪ್ಪಂದ ಮಾಡಿಕೊಂಡವು. ಅದರ ಬೆನ್ನಿಗೇ ಝೇಲಂ ನದಿಗೆ ಮಂಗ್ಲಾ ಅಣೆಕಟ್ಟು ಎದ್ದಿತು. 1967ಕ್ಕೆ ಮುಗಿಯಿತು. ಹಳೆಯ ಮೀರ್‌ಪುರ ಪಟ್ಟಣ, ಸುತ್ತಲಿನ ನೂರಾರು ಹಳ್ಳಿ ಮುಳುಗಿದವು. ಒಂದು ಲಕ್ಷಕ್ಕೂ ಹೆಚ್ಚು ಜನ ಎದ್ದು ಹೊರಟರು. ಪರಿಹಾರದ ದುಡ್ಡಿನಲ್ಲಿ ಎಷ್ಟೋ ಮಂದಿ ಲಂಡನ್ನಿಗೆ ಟಿಕೆಟ್ ತೆಗೆದುಕೊಂಡರು. ಅದೇ ದಶಕದಲ್ಲಿ ನಮ್ಮಲ್ಲಿ ಲಿಂಗನಮಕ್ಕಿ ತುಂಬಿತು. ಶರಾವತಿ ಮುಳುಗಡೆಯವರ ಮಾತು ಕೇಳಿ ಬೆಳೆದವರು ಇಲ್ಲಿ ಕೆಲವರಿದ್ದೀರಿ. ನಿಮಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಚಳಿಗಾಲದಲ್ಲಿ ಮಂಗ್ಲಾದ ನೀರು ಇಳಿದಾಗ ಹಳೆಯ ಮೀರ್‌ಪುರದ ದರ್ಗಾ, ಗುಡಿಗಳ ಗೋಡೆಗಳು ಮೇಲೆ ಬರುತ್ತವೆ. ಜನ ಒಣಗಿದ ಕೆಸರಿನ ಮೇಲೆ ನಡೆದುಕೊಂಡು ಅಲ್ಲಿಗೆ ಹೋಗಿ ಬರುತ್ತಾರೆ.

ಮೂರನೆಯದು ತಮಾಷೆ. 1962ರಲ್ಲಿ ಬ್ರಿಟನ್ ವಲಸೆ ತಡೆಯುವುದಕ್ಕೆ ಕಾನೂನು ತಂದಿತು. ಬಾಗಿಲು ಮುಚ್ಚುತ್ತಾರಂತೆ ಅಂತ ಸುದ್ದಿ ಹಬ್ಬಿತು. ಅಲ್ಲಿಯವರೆಗೆ ಅಣ್ಣ ನಾಲ್ಕು ವರ್ಷ ದುಡಿದು ವಾಪಸ್ ಬಂದರೆ ತಮ್ಮ ಹೋಗುತ್ತಿದ್ದ. ಈಗ ವಾಪಸ್ ಬಂದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ! ಬಂದವರು ಅಲ್ಲೇ ಉಳಿದರು, ಬಾಗಿಲು ಮುಚ್ಚುವುದರೊಳಗೆ ಇನ್ನಷ್ಟು ಜನ ನುಗ್ಗಿದರು. ತಡೆಯಲು ತಂದ ಕಾನೂನೇ ಅವರನ್ನು ನೆಲೆ ನಿಲ್ಲಿಸಿತು.

ಆದರೆ ಮನಸ್ಸು ನೆಲೆ ನಿಂತಿರಲಿಲ್ಲ. ಇನ್ನೈದು ವರ್ಷ, ಆಮೇಲೆ ಊರು. ಹೀಗಂತಲೇ ಮೂವತ್ತು ವರ್ಷ ಕಳೆಯಿತು. ಉಳಿಸಿದ ದುಡ್ಡು ಬ್ರಾಡ್‌ಫರ್ಡಿನ ವ್ಯಾಪಾರಕ್ಕೆ ಹೋಗಲಿಲ್ಲ, ಮಕ್ಕಳ ಟ್ಯೂಷನ್ನಿಗೆ ಹೋಗಲಿಲ್ಲ. ಮೀರ್‌ಪುರದ ಮನೆಗೆ ಹೋಯಿತು. ಈಗಿನ ಮೀರ್‌ಪುರವನ್ನು ‘ಪುಟ್ಟ ಇಂಗ್ಲೆಂಡ್’ ಅನ್ನುತ್ತಾರೆ. ಗೋಧಿ ಹೊಲದ ನಡುವೆ ಮೂರಂತಸ್ತಿನ ಬಂಗಲೆ, ಕಂಬ, ಕಮಾನು, ಬಣ್ಣದ ಗಾಜು. ಒಳಗೆ ಒಬ್ಬ ಕಾವಲುಗಾರ ಮಾತ್ರ.

ಈಗ ಲೆಸ್ಟರಿಗೆ ಬರೋಣ. 1972ರ ಆಗಸ್ಟ್ 4ರಂದು ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿಯ ಏಷ್ಯನ್ನರು 90 ದಿನದಲ್ಲಿ ದೇಶ ಬಿಡಬೇಕು ಅಂತ ಘೋಷಿಸಿದ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಒಂದು ಕುಟುಂಬಕ್ಕೆ ಐವತ್ತು ಪೌಂಡ್ ಒಯ್ಯಲು ಅನುಮತಿ. ಅಂಗಡಿ, ಮನೆ, ಕಾರು, ಹತ್ತಿ ಗಿರಣಿ ಎಲ್ಲ ಅಲ್ಲೇ ಬಿಟ್ಟರು. ವಿಮಾನ ನಿಲ್ದಾಣದ ದಾರಿಯಲ್ಲಿ ಸೈನಿಕರು ಉಂಗುರ, ಬಳೆಗಳನ್ನೂ ಕಿತ್ತುಕೊಂಡರು. ಬಂದವರನ್ನು ಹಳೆಯ ಸೈನಿಕ ಶಿಬಿರಗಳಲ್ಲಿ ಇರಿಸಿದರು. ಕೀನ್ಯಾ, ಟಾಂಜಾನಿಯಾದಿಂದ ಅವರಿಗಿಂತ ಮೊದಲೇ ಸಾವಿರಾರು ಜನ ಬಂದಾಗಿತ್ತು.

ನೋಡಿದರೆ ಇವರೇ ಪಾಪ, ಅಲ್ವಾ? ಮೀರ್‌ಪುರಿಯ ಹತ್ತಿರ ಪರಿಹಾರದ ದುಡ್ಡಾದರೂ ಇತ್ತು. ಇವರ ಕೈಯಲ್ಲಿ ಐವತ್ತು ಪೌಂಡ್. ಆದರೆ ಅಮೀನನ ಸೈನಿಕರು ಎಷ್ಟು ತಡಕಾಡಿದರೂ ಸಿಗದ ಆಸ್ತಿ ಇವರ ಹತ್ತಿರ ಇತ್ತು. ಎರಡು ಮೂರು ತಲೆಮಾರು ಪೇಟೆಯಲ್ಲಿ ಬದುಕಿದವರು. ಜನ ಇವರನ್ನು ‘ದುಕಾವಾಲಾ’ ಅನ್ನುತ್ತಿದ್ದರು, ಅಂಗಡಿಯವನು ಅಂತ. ಜಮಾ ಖರ್ಚು ಗೊತ್ತು. ಬ್ಯಾಂಕ್ ಗೊತ್ತು. ಬ್ರಿಟಿಷ್ ವಸಾಹತಿನ ಶಾಲೆಯಲ್ಲಿ ಕಲಿತದ್ದರಿಂದ ಇಂಗ್ಲಿಷ್ ಬರುತ್ತಿತ್ತು. ಸರ್ಕಾರಿ ಅರ್ಜಿ ತುಂಬುವುದು ಹೇಗೆ, ಗುಮಾಸ್ತನ ಜೊತೆ ಹೇಗೆ ಮಾತಾಡಬೇಕು ಅನ್ನುವುದೂ ಗೊತ್ತು. ಮೀರ್‌ಪುರದ ರೈತನ ಮಗನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅದು ಅವನ ತಪ್ಪಲ್ಲ. ಅವನ ಹಳ್ಳಿಯಲ್ಲಿ ಶಾಲೆಯೇ ಸರಿಯಾಗಿರಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ ಅಂತ ನನಗನಿಸುತ್ತದೆ. ಇವರು ಇಡೀ ಕುಟುಂಬ ಬಂದರು. ಅಜ್ಜಿ, ಸೊಸೆ, ಕೈಗೂಸು ಸಮೇತ. ಮತ್ತೆ ಹಿಂದೆ ಹೋಗುವುದಕ್ಕೆ ಇವರಿಗೆ ಊರೇ ಇರಲಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಇವರ ಲೆಕ್ಕ ಬೇರೆ. ಬಂಗಲೆ ಕಟ್ಟಿಸಲು ಇನ್ನೊಂದು ದೇಶ ಇಲ್ಲ. ಇದ್ದದ್ದನ್ನೆಲ್ಲ ಲೆಸ್ಟರಿನ ಮೇಲೇ ಹಾಕಬೇಕು. ಹೆಂಗಸರು ಬಂದ ವಾರದಲ್ಲೇ ಕೆಲಸ ಹುಡುಕಿದರು. ಬನಿಯನ್ ಕಾರ್ಖಾನೆ, ಟೈಪ್‌ರೈಟರ್ ಕಾರ್ಖಾನೆ, ಏನು ಸಿಕ್ಕರೆ ಅದು. ಒಂದು ಮನೆಗೆ ಎರಡು, ಮೂರು ಸಂಬಳ.

ಸುಲಭವಾಗಿ ಆಯಿತು ಅಂತ ತಿಳಿಯಬೇಡಿ. ಕಂಪಾಲಾದಲ್ಲಿ ಲೆಕ್ಕಪತ್ರ ನೋಡುತ್ತಿದ್ದವನು ಲೆಸ್ಟರಿನಲ್ಲಿ ಪೆಟ್ಟಿಗೆ ಹೊತ್ತ. 1974ರಲ್ಲಿ ಇಂಪೀರಿಯಲ್ ಟೈಪ್‌ರೈಟರ್ ಕಾರ್ಖಾನೆಯಲ್ಲಿ ಏಷ್ಯನ್ ಕೆಲಸಗಾರರು ಬೋನಸ್ ವಿಷಯಕ್ಕೆ ಮುಷ್ಕರ ಹೂಡಿದರು. ಅವರದೇ ಕಾರ್ಮಿಕ ಸಂಘ ಅವರ ಬೆನ್ನಿಗೆ ನಿಲ್ಲಲಿಲ್ಲ. 1976ರಲ್ಲಿ ಲಂಡನ್ನಿನ ಗ್ರನ್‌ವಿಕ್ ಫೋಟೊ ಸಂಸ್ಕರಣೆ ಕಾರ್ಖಾನೆಯಿಂದ ಜಯಾಬೆನ್ ದೇಸಾಯಿ ಹೊರಗೆ ನಡೆದರು. ನಾಲ್ಕಡಿ ಹತ್ತಿಂಚಿನ ಗುಜರಾತಿ ಹೆಂಗಸು, ಟಾಂಜಾನಿಯಾದಿಂದ ಬಂದವರು. ನೀವು ನಡೆಸುತ್ತಿರುವುದು ಕಾರ್ಖಾನೆಯಲ್ಲ, ಮೃಗಾಲಯ. ಅದರಲ್ಲಿ ನಿಮ್ಮ ಬೆರಳಿಗೆ ಕುಣಿಯುವ ಕೋತಿಗಳೂ ಇವೆ, ತಲೆ ಕಚ್ಚುವ ಸಿಂಹಗಳೂ ಇವೆ, ನಾವು ಆ ಸಿಂಹಗಳು ಅಂತ ಮ್ಯಾನೇಜರಿಗೆ ಮುಖಕ್ಕೇ ಹೇಳಿ ಬಂದರು. ಸೀರೆ ಉಟ್ಟ ಹೆಂಗಸರು ಚಳಿಯಲ್ಲಿ ಗೇಟಿನ ಮುಂದೆ ನಿಂತ ಆ ಮುಷ್ಕರ ಎರಡು ವರ್ಷ ನಡೆಯಿತು, ಕೊನೆಗೆ ಸೋತಿತು. ‘ಗುಜರಾತಿಗಳು ಹುಟ್ಟಾ ವ್ಯಾಪಾರಿಗಳು, ಬಂದರು, ಗೆದ್ದರು’ ಅನ್ನುವ ಕಥೆಯಲ್ಲಿ ಈ ಹೆಂಗಸರು ಬರುವುದೇ ಇಲ್ಲ.

ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಗೆ ಹೋದರೆ ಸೀರೆ ಅಂಗಡಿ, ಚಿನ್ನದ ಅಂಗಡಿ, ಫರ್ಸಾಣ್ ಅನ್ನುವ ಗುಜರಾತಿ ಕುರುಕಲು ತಿಂಡಿಯ ಅಂಗಡಿ ಸಾಲು. ದೀಪಾವಳಿಗೆ ರಸ್ತೆ ಮುಚ್ಚಿಬಿಡುತ್ತಾರೆ. ಅಲ್ಲೊಂದು ಹೋಟೆಲಿನಲ್ಲಿ ‘ಮೋಗೊ’ ಅಂತ ಬರೆದಿತ್ತು. ಏನಿದು ಅಂತ ತರಿಸಿದೆ. ನೋಡಿದರೆ ನಮ್ಮ ಮರಗೆಣಸು! ಉದ್ದುದ್ದಕ್ಕೆ ಸೀಳಿ ಕರಿದು, ಮೇಲೆ ಮೆಣಸಿನ ಪುಡಿ, ನಿಂಬೆಹುಳಿ. ಗಲ್ಲಾದಲ್ಲಿದ್ದ ಅಜ್ಜಿ ಹೇಳಿದರು, ‘ಇದು ಗುಜರಾತಿನದಲ್ಲ ಮಗಾ, ಆಫ್ರಿಕಾದ್ದು. ಸ್ವಾಹಿಲಿ ಹೆಸರು.’ ಅವರು ಗುಜರಾತನ್ನು ನೋಡಿದ್ದು ಒಂದೇ ಸಲ, ತೀರ್ಥಯಾತ್ರೆಗೆ ಹೋದಾಗ. ಅಲ್ಲಿಯ ಸೆಖೆ ತಡೆಯಲಾಗಲಿಲ್ಲವಂತೆ. ಜನಗಣತಿಯ ಕಾಗದದಲ್ಲಿ ಆ ಅಜ್ಜಿ ‘ಭಾರತೀಯ’.

ಆ ಕಾಗದದ ಬಗ್ಗೆಯೇ ಒಂದು ಮಾತು ಹೇಳಬೇಕು. ನಾನು ಮೊದಲು ಓದಿದ ಅಂಕಿಗಳಿವೆಯಲ್ಲ, ಅವು ‘ಭಾರತೀಯ’, ‘ಪಾಕಿಸ್ತಾನಿ’ ಅನ್ನುವ ಚೌಕಗಳ ಅಂಕಿ. ಲೆಸ್ಟರಿನ ಅಜ್ಜಿ, ಲಂಡನ್ನಿನ ಸೌತಾಲ್‌ನ ಪಂಜಾಬಿ ಚಾಲಕ, ಗುಲ್ಬರ್ಗದಲ್ಲಿ ಎಂಬಿಬಿಎಸ್ ಮಾಡಿ ಹೋದ ಡಾಕ್ಟರು, ಮೊನ್ನೆ ಬೆಂಗಳೂರಿನಿಂದ ಹಾರಿದ ಸಾಫ್ಟ್‌ವೇರ್ ಹುಡುಗಿ, ಎಲ್ಲರೂ ಒಂದೇ ಚೌಕದಲ್ಲಿ. ಡಾಕ್ಟರನ್ನು ಬ್ರಿಟನ್ನೇ ಕರೆಸಿಕೊಂಡಿತು, ಅವರ ಆರೋಗ್ಯ ಸೇವೆಗೆ ಜನ ಬೇಕಿತ್ತು. ಸಾಫ್ಟ್‌ವೇರ್ ಹುಡುಗಿಗೆ ವೀಸಾ ಸಿಗಬೇಕಾದರೇ ಒಳ್ಳೆಯ ಸಂಬಳ ಇರಬೇಕು. ಸಂಬಳ ನೋಡಿ ಒಳಗೆ ಬಿಟ್ಟು, ಆಮೇಲೆ ‘ಭಾರತೀಯರ ಸಂಬಳ ಎಷ್ಟು ಚೆನ್ನಾಗಿದೆ!’ ಅಂದರೆ ಏನು ಅರ್ಥ? ಲಂಡನ್ನಿನಲ್ಲಿ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಅನಾವರಣವಾಯಿತು. ಅದರ ಹಿಂದೆ ಓಡಾಡಿದವರು ಕಲಬುರಗಿ ಕಡೆಯ ಡಾಕ್ಟರು, ಲಂಡನ್ನಿನ ಲ್ಯಾಂಬೆತ್ ಅನ್ನುವ ಭಾಗದ ಮೇಯರ್ ಆಗಿದ್ದ ನೀರಜ್ ಪಾಟೀಲ್. ಕಾಯಕ ಅಂದ ಬಸವಣ್ಣ ಅಲ್ಲಿ ನಿಂತಿದ್ದಾರೆ, ಸರಿ. ಆದರೆ ಅಲ್ಲಿಗೆ ಹೋದ ನಮ್ಮವರಲ್ಲಿ ಬಹುತೇಕರು ಆರಿಸಿ ತೆಗೆದ ಕಾಳು. ಜೊಳ್ಳು ತೂರಿ ಹೋದ ಮೇಲೆ ಅಳೆದ ರಾಶಿ.

ಅತ್ತ ‘ಪಾಕಿಸ್ತಾನಿ’ ಚೌಕದಲ್ಲೂ ಇದೇ ಕಲಸುಮೇಲೋಗರ. ಸ್ಕಾಟ್ಲೆಂಡಿನ ಮುಖ್ಯಮಂತ್ರಿಯಾಗಿದ್ದ ಹಮ್ಜಾ ಯೂಸುಫ್ ಅವರ ತಾಯಿ ಹುಟ್ಟಿದ್ದು ಕೀನ್ಯಾದಲ್ಲಿ. ರಿಷಿ ಸುನಕ್ ಅವರ ತಂದೆಯೂ ಕೀನ್ಯಾದವರೇ, ತಾಯಿ ಟಾಂಗನಿಕಾದವರು, ಅಂದರೆ ಈಗಿನ ಟಾಂಜಾನಿಯಾದವರು. ನಮ್ಮ ಅಳಿಯ ಅಂತ ಅವರ ಹೆಸರು ಹೇಳಿದಾಗ ನೀವು ನಕ್ಕೇ ನಗುತ್ತೀರಿ, ನಗಿ. ಸುನಕ್ ಅವರ ತಂದೆ ಡಾಕ್ಟರು, ತಾಯಿ ಔಷಧ ಅಂಗಡಿ ನಡೆಸಿದವರು. ಸುನಕ್‌ಗಿಂತ ಮುಂಚೆ ಹಣಕಾಸು ಮಂತ್ರಿಯಾಗಿದ್ದ ಸಾಜಿದ್ ಜಾವೇದ್ ಅವರ ತಂದೆ, ಲಂಡನ್ ಮೇಯರ್ ಸಾದಿಕ್ ಖಾನ್ ಅವರ ತಂದೆ, ಇಬ್ಬರೂ ಬಸ್ ಓಡಿಸಿದವರು. ಒಬ್ಬಿಬ್ಬರ ಏಳಿಗೆಯಿಂದ ಸಮುದಾಯದ ಲೆಕ್ಕ ತೆಗೆಯಬಾರದು, ಗೊತ್ತು. ಆದರೂ ಯಾವ ಬಾಗಿಲಿನಿಂದ ಒಳಗೆ ಬಂದರು ಅಂತ ಕೇಳಿದರೆ ಸಿಗುವ ಉತ್ತರ, ಯಾವ ದೇವರಿಗೆ ಕೈಮುಗಿದರು ಅಂತ ಕೇಳಿದರೆ ಸಿಗುವುದಿಲ್ಲ.

ಬಾಗಿಲಿನ ಮಾತಿಗೆ ಲೆಸ್ಟರಿನಲ್ಲೇ ಸಾಕ್ಷಿ ಇದೆ. ದಮನ್, ದೀವ್ ಗೊತ್ತಲ್ಲ, 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದವು. ಅಲ್ಲಿಯ ಹಳಬರಿಗೂ ಅವರ ಮಕ್ಕಳಿಗೂ ಪೋರ್ಚುಗಲ್ ಪೌರತ್ವ ಸಿಗುತ್ತದೆ. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರುವವರೆಗೆ ಆ ಪಾಸ್‌ಪೋರ್ಟ್ ಹಿಡಿದು ಸಾವಿರಾರು ಜನ ಲೆಸ್ಟರಿಗೆ ಬಂದರು. ಇವರೂ ಗುಜರಾತಿಗಳು, ಬಹುಪಾಲು ಹಿಂದೂಗಳು, ಅದೇ ದೇವಸ್ಥಾನ, ಅದೇ ಗರ್ಬಾ. ಆದರೆ ಇಂಗ್ಲಿಷ್ ಇಲ್ಲ, ಓದು ಕಮ್ಮಿ. ಕೆಲಸ ಗೋದಾಮಿನಲ್ಲಿ, ಬಟ್ಟೆ ಹೊಲಿಯುವ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ. 2020ರಲ್ಲಿ ಕೊರೊನಾ ಹೊತ್ತಿಗೆ ಲೆಸ್ಟರಿಗೆ ಮಾತ್ರ ಪ್ರತ್ಯೇಕ ಲಾಕ್‌ಡೌನ್ ಹಾಕಿದರು. ಆಗ ಈ ಹೊಲಿಗೆ ಕಾರ್ಖಾನೆಗಳಲ್ಲಿ ಕಾನೂನಿನ ಕನಿಷ್ಠ ಕೂಲಿಯ ಅರ್ಧವನ್ನೂ ಕೊಡದೆ ದುಡಿಸುತ್ತಾರೆ ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೆಲವು ಕಡೆ ಮಾಲೀಕನೂ ನಮ್ಮವನೇ, ಕೂಲಿಯೂ ನಮ್ಮವನೇ. ಸಂಸ್ಕಾರ ಒಂದೇ ಆದರೆ ಸಂಬಳವೂ ಒಂದೇ ಆಗಬೇಕಿತ್ತಲ್ಲ?

ಬಾಗಿಲಿನಷ್ಟೇ ದೊಡ್ಡದು ಇಳಿದ ಊರು. ಇದಕ್ಕೆ ಬಾಂಗ್ಲಾದವರ ಉದಾಹರಣೆ ಸಾಕು. ಸಿಲ್ಹೆಟ್‌ನಿಂದ ಬಂದ ಅವರು ಮೀರ್‌ಪುರಿಗಳಿಗಿಂತಲೂ ಬಡವರು, ತಡವಾಗಿ ಕುಟುಂಬ ಕರೆಸಿಕೊಂಡವರು. ಆದರೆ ಅವರು ಇಳಿದದ್ದು ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಯ ಶಾಲೆಗಳು ಇಡೀ ಇಂಗ್ಲೆಂಡಿಗೇ ಕೊನೆ. ಆಮೇಲೆ ಸರ್ಕಾರ ಲಂಡನ್ ಶಾಲೆಗಳಿಗೆ ದುಡ್ಡು ಸುರಿಯಿತು, ಒಳ್ಳೆಯ ಮೇಷ್ಟ್ರುಗಳನ್ನು ತಂದಿತು. ಇವತ್ತು ಹದಿನಾರರ ವಯಸ್ಸಿನ ಪರೀಕ್ಷೆಯಲ್ಲಿ ಬಾಂಗ್ಲಾ ಮೂಲದ ಮಕ್ಕಳ ಸರಾಸರಿ ಬಿಳಿಯ ಮಕ್ಕಳಿಗಿಂತ ಮೇಲಿದೆ, ಪಾಕಿಸ್ತಾನ ಮೂಲದವರಿಗಿಂತಲೂ ಮೇಲಿದೆ. ಅದೇ ಧರ್ಮ, ಅದಕ್ಕಿಂತ ಹೆಚ್ಚು ಬಡತನ. ಬೇರೆಯಾಗಿದ್ದು ಊರು. ಬ್ರಾಡ್‌ಫರ್ಡಿನ ಹುಡುಗ ಓದು ಮುಗಿಸಿ ಹೊರಗೆ ಬಂದರೆ ಎದುರಿಗೆ ಮುಚ್ಚಿದ ಗಿರಣಿ. ಲಿಸ್ಟರ್ ಗಿರಣಿ 1992ರಲ್ಲಿ ಬಾಗಿಲು ಹಾಕಿತು, ಈಗ ಅದರ ಒಂದು ಭಾಗ ಫ್ಲಾಟುಗಳಾಗಿವೆ.

ಈಗ ಮೀರ್‌ಪುರಿಗಳ ಪರ ವಕಾಲತ್ತು ವಹಿಸಿದ ಹಾಗೆ ಕಾಣುತ್ತಿದ್ದೇನೆ. ಹಾಗಲ್ಲ. ಅವರೇ ಮಾಡಿಕೊಂಡದ್ದೂ ಇದೆ. ಮದುವೆಯ ವಿಷಯ ತೆಗೆದುಕೊಳ್ಳಿ. ಬ್ರಾಡ್‌ಫರ್ಡಿನಲ್ಲಿ 2007ರಿಂದ ಹನ್ನೆರಡು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಮೊದಲ ಸುತ್ತಿನಲ್ಲಿ ಪಾಕಿಸ್ತಾನ ಮೂಲದ ತಾಯಂದಿರಲ್ಲಿ ನೂರಕ್ಕೆ ಅರವತ್ತರಷ್ಟು ಮಂದಿ ರಕ್ತಸಂಬಂಧದಲ್ಲಿ, ಹೆಚ್ಚಾಗಿ ದೊಡ್ಡಪ್ಪ ಚಿಕ್ಕಪ್ಪ, ಮಾವ ಅತ್ತೆಯರ ಮಕ್ಕಳನ್ನೇ ಮದುವೆಯಾದವರು. ಮಗುವಿಗೆ ಹುಟ್ಟಿನಿಂದ ಊನ ಬರುವ ಸಾಧ್ಯತೆ ನೂರಕ್ಕೆ ಮೂರು ಇದ್ದದ್ದು ಆರಾಗುತ್ತದೆ ಅಂತ ಅದೇ ಅಧ್ಯಯನ ಹೇಳಿತು. ಮುಖ ಸಿಂಡರಿಸಬೇಡಿ. ಅಕ್ಕನ ಮಗಳನ್ನು ಕಟ್ಟಿಕೊಂಡ ಸೋದರಮಾವ ಈ ಸಭೆಯಲ್ಲೇ ಯಾರ ಮನೆಯಲ್ಲಿ ಇಲ್ಲ? ಕರ್ನಾಟಕದಲ್ಲಿ ಈಗಲೂ ಹೆಚ್ಚುಕಡಿಮೆ ಕಾಲು ಭಾಗ ಮದುವೆಗಳು ಸಂಬಂಧದಲ್ಲೇ ಆಗಿರುವಂಥವು. ಅವರದು ಬ್ರಿಟನ್ನಿನಲ್ಲಿ ನಡೆಯುತ್ತದೆ, ಅದಕ್ಕೇ ಸುದ್ದಿ.

ನನ್ನ ಕಾಳಜಿ ಬೇರೆ. ಹುಡುಗಿ ಬ್ರಾಡ್‌ಫರ್ಡಿನಲ್ಲಿ ಹುಟ್ಟಿ ಬೆಳೆದವಳು, ವರ ಮೀರ್‌ಪುರದ ಹಳ್ಳಿಯಿಂದ ಬಂದ ಚಿಕ್ಕಪ್ಪನ ಮಗ. ಅವನು ಮತ್ತೆ ಒಂದನೇ ತರಗತಿಯಿಂದ ಶುರು ಮಾಡಬೇಕು. ಇಂಗ್ಲಿಷ್, ಚಳಿ, ಕೆಲಸ ಎಲ್ಲ. ಅವರ ಮಗು ಅರ್ಧ ಎರಡನೇ ತಲೆಮಾರು, ಅರ್ಧ ಮೂರನೇ ತಲೆಮಾರು. ಏಣಿ ಹತ್ತಿದ ಹಾಗೆ ಹತ್ತಿ ಪ್ರತಿ ಸಲ ಎರಡು ಮೆಟ್ಟಿಲು ಕೆಳಗೆ. ಇದು ಬದಲಾಗುತ್ತಿದೆ. ಹತ್ತು ವರ್ಷ ಬಿಟ್ಟು ಅದೇ ಊರಿನಲ್ಲಿ ಕೇಳಿದಾಗ ಅರವತ್ತರಷ್ಟಿದ್ದದ್ದು 46ಕ್ಕೆ ಇಳಿದಿತ್ತು. ಓದಿದ ಹುಡುಗಿಯರು ‘ಬೇಡ’ ಅನ್ನುತ್ತಿದ್ದಾರೆ.

ಹೊರಗಿನವರು ಮಾಡಿದ್ದೂ ಇದೆ. ಆಕ್ಸ್‌ಫರ್ಡಿನ ನಫೀಲ್ಡ್ ಕಾಲೇಜಿನ ಸಂಶೋಧಕರು 2016, 17ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೆಲಸಗಳಿಗೆ ಸುಳ್ಳು ಅರ್ಜಿ ಹಾಕಿದರು. ಓದು, ಅನುಭವ ಎಲ್ಲ ಒಂದೇ. ಹೆಸರು ಮಾತ್ರ ಬೇರೆ. ಬಿಳಿಯ ಹೆಸರಿನವನಿಗೆ ಬಂದಷ್ಟೇ ಕರೆ ಬರಬೇಕಾದರೆ ಪಾಕಿಸ್ತಾನಿ ಹೆಸರಿನವನು ನೂರಕ್ಕೆ 70ರಷ್ಟು ಹೆಚ್ಚು ಅರ್ಜಿ ಹಾಕಬೇಕಾಯಿತು. 2001ರ ಬ್ರಾಡ್‌ಫರ್ಡ್ ಗಲಭೆ, 2005ರ ಲಂಡನ್ ಬಾಂಬ್ ಸ್ಫೋಟ ಆದಮೇಲೆ ಆ ಹೆಸರಿಗೆ ಅಂಟಿದ ಗುಮಾನಿ ಹೋಗಲೇ ಇಲ್ಲ.

ಇಲ್ಲಿಯವರೆಗೆ ದುಡ್ಡಿನ ಮಾತಾಯಿತು. ನೆಮ್ಮದಿಯ ಮಾತಿಗೆ ಬಂದರೆ ತಕ್ಕಡಿ ಅಷ್ಟು ಸಲೀಸಾಗಿ ಒಂದು ಕಡೆ ವಾಲುವುದಿಲ್ಲ. ಲೆಸ್ಟರಿನ ಗುಜರಾತಿಗಳಲ್ಲಿ ಕಾಸು ಮಾಡಿದವರು ಓಡ್‌ಬಿ ಅನ್ನುವ ಹೊರವಲಯಕ್ಕೆ ಹೋದರು. ಮಕ್ಕಳು ಇನ್ನೂ ಚೆನ್ನಾಗಿ ಓದಿ ಲಂಡನ್ನಿಗೋ ಅಮೆರಿಕಕ್ಕೋ ಹೋದರು. ನಾಲ್ಕು ಕೋಣೆಯ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ. ಜಯನಗರದಲ್ಲೋ ಕುವೆಂಪುನಗರದಲ್ಲೋ ನಾವು ದಿನಾ ನೋಡುವ ಚಿತ್ರವೇ. ಮೋಗೊ ಹೋಟೆಲಿನ ಅಜ್ಜಿ ಎಂಬತ್ತು ದಾಟಿಯೂ ಗಲ್ಲಾದಲ್ಲಿ ಕೂರುತ್ತಿದ್ದರು. ದುಡ್ಡಿಗಲ್ಲ, ಮನೆಯಲ್ಲಿ ಮಾತಿಗೆ ಯಾರೂ ಇಲ್ಲ ಅಂತ.

ಪಾಕಿಸ್ತಾನಿಗಳ ಇಕ್ಕಟ್ಟಾದ ಮನೆ ಅಂದೆನಲ್ಲ, ನೂರಕ್ಕೆ 18, ಬ್ರಾಡ್‌ಫರ್ಡಿನಲ್ಲೂ ಅಂಥವು ಇವೆ. ಆ ಇಕ್ಕಟ್ಟಿನಲ್ಲಿ ಮಕ್ಕಳಿಗೆ ಓದಲು ಮೇಜಿಲ್ಲ, ಗೋಡೆಯ ತೇವಕ್ಕೆ ಕೆಮ್ಮು. ಅದೇ ಇಕ್ಕಟ್ಟಿನಲ್ಲಿ ಅಜ್ಜನೂ ಇದ್ದಾನೆ. ಪಕ್ಕದ ಬಾಗಿಲಲ್ಲಿ ಅವನ ತಮ್ಮ, ಎದುರು ಸಾಲಿನಲ್ಲಿ ಅಳಿಯ. ಅವರಲ್ಲಿ ಸಾವಿನ ಸಮಿತಿಗಳಿವೆ. ಪ್ರತಿ ಕುಟುಂಬ ವರ್ಷಕ್ಕಿಷ್ಟು ಅಂತ ಚಂದಾ ಕಟ್ಟುತ್ತದೆ. ಯಾರಾದರೂ ಸತ್ತರೆ ಶವ ಪೆಟ್ಟಿಗೆ, ವಿಮಾನದ ಖರ್ಚು, ಜೊತೆಗೆ ಹೋಗುವವನ ಟಿಕೆಟ್ ಎಲ್ಲ ಸಮಿತಿಯದು. ಗಿರಣಿಯ ಕಾಲದಲ್ಲಿ, ಒಂಟಿ ಗಂಡಸು ಸತ್ತರೆ ಊರಿಗೆ ಕಳಿಸುವವರು ಯಾರು ಅನ್ನುವ ಭಯದಿಂದ ಹುಟ್ಟಿದ್ದು. ಯಾವ ಬ್ಯಾಂಕಿನ ಲೆಕ್ಕದಲ್ಲೂ ಈ ಆಸ್ತಿ ಕಾಣುವುದಿಲ್ಲ.

ಟ್ಯಾಕ್ಸಿಯವನ ತಂದೆಯನ್ನೂ ಹಾಗೇ ಕಳಿಸಿದರಂತೆ. ಬಂಗಲೆಯ ಹಿಂದಿನ ಹೊಲದಲ್ಲಿ ಮಣ್ಣು ಮಾಡಿದರು. ಬಂಗಲೆಯಲ್ಲಿ ಅವರು ಒಟ್ಟು ಎಷ್ಟು ದಿನ ಮಲಗಿರಬಹುದು ಅಂತ ಕೇಳಿದೆ. ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಬೆರಳು ಮಡಚಿ ಲೆಕ್ಕ ಹಾಕಿದ. ‘ನಾಲ್ಕು ತಿಂಗಳು ಇರಬಹುದು. ಎಲ್ಲ ಸೇರಿ.’ ನೀನು ಎಲ್ಲಿ ಅಂದೆ. ಅವನ ಮಗಳು ಲೀಡ್ಸ್‌ನಲ್ಲಿ ಔಷಧಶಾಸ್ತ್ರ ಓದುತ್ತಿದ್ದಳು, ಅವಳ ಫೀಸಿಗೆ ಅಂತಲೇ ಈ ಹೆಚ್ಚಿನ ಪಾಳಿ. ಮ್ಯಾನಿಂಗ್‌ಹ್ಯಾಮ್ ಬಂತು. ‘ನಾನು ಇಲ್ಲೇ,’ ಅಂದ. ‘ಸಮಿತಿಗೆ ಹೇಳಿಬಿಟ್ಟಿದ್ದೇನೆ. ಮಗಳಿಗೆ ಬಸ್ಸಿನಲ್ಲಿ ಬರೋಕಾಗಬೇಕು.’ ಬಾಡಿಗೆ ಏಳು ಪೌಂಡ್ ಆಗಿತ್ತು. ಹತ್ತು ಕೊಟ್ಟೆ, ಮೂರು ವಾಪಸ್ ಕೊಟ್ಟ.